ಸಂವತ್ಸರ ಮರಳುತ್ತದೆ, ಮಳೆ ಮರಳುತ್ತದೆಯೇ?

ವನಗೂರಿನ ಕಡೆ ಮಳೆಗೆ ತಾರೀಖಿಗಿಂತ ನಕ್ಷತ್ರದ ಲೆಕ್ಕವೇ ಹೆಚ್ಚು. ಹೆತ್ತೂರು ದಾಟಿ ವನಗೂರು ಕೂಡುರಸ್ತೆ, ಅಲ್ಲಿಂದ ಬಿಸಿಲೆ ಘಾಟಿಯವರೆಗೆ ಯಾವ ತೋಟದವರನ್ನು ಮಾತನಾಡಿಸಿದರೂ ರೇವತಿ ಕೈಕೊಟ್ಟಿತು, ಆರಿದ್ರೆ ಹಿಡಿಯಿತು, ಪುನರ್ವಸು ಬಿಡಲಿಲ್ಲ, ಪುಷ್ಯ ತೋಟ ಕೊಳೆಸಿತು ಎಂಬ ಮಾತೇ ಕೇಳುತ್ತದೆ. ಕಾಫಿಗೆ ಹೂಮಳೆ ಬೇಕು, ಆಮೇಲೆ ಆ ಹೂ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ ಬೇಕು. ಗದ್ದೆಗೆ ನಾಟಿಯ ಹೊತ್ತಿಗೆ ನೀರು ನಿಲ್ಲಬೇಕು. ವರ್ಷದ ಅನ್ನ ಇಷ್ಟು ನೇರವಾಗಿ ಮೋಡಕ್ಕೆ ಕಟ್ಟಿಕೊಂಡಿರುವ ಜಾಗದಲ್ಲಿ, ಮಳೆಗೊಂದು ನಿಯಮ ಇರಲೇಬೇಕು ಎಂದು ಮನಸ್ಸು ಹುಡುಕುವುದು ಸಹಜ.

ಆ ಹುಡುಕಾಟದಲ್ಲಿ ಮಲೆನಾಡಿನವರಿಗೆ ಸಿಕ್ಕ ಹಳೆಯ ನಿಯಮವೆಂದರೆ ಅರವತ್ತರ ಚಕ್ರ. ಒಂದು ದೊಡ್ಡ ಮಳೆ, ಒಂದು ದೊಡ್ಡ ಬರ, ಒಂದು ಗುಡ್ಡ ಕುಸಿತ ಆದಾಗಲೆಲ್ಲ ಯಾರಾದರೊಬ್ಬ ಹಿರಿಯರು ಹೇಳುತ್ತಾರೆ: ಇದೇ ಸಂವತ್ಸರದಲ್ಲಿ ಹಿಂದೆಯೂ ಹೀಗೆಯೇ ಆಗಿತ್ತು, ಅರವತ್ತು ವರ್ಷಕ್ಕೊಮ್ಮೆ ಮರಳಲೇಬೇಕು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದರೊಳಗೆ ಒಂದು ಸ್ಪಷ್ಟವಾದ ಹೇಳಿಕೆ ಇದೆ, ಮತ್ತು ಸ್ಪಷ್ಟವಾದ ಹೇಳಿಕೆಯನ್ನು ಪರೀಕ್ಷಿಸಬಹುದು. ಪರೀಕ್ಷಿಸದೆ ತಳ್ಳಿಹಾಕುವುದು ಅದನ್ನು ನಂಬಿದವರಿಗೆ ಮಾಡುವ ಅಗೌರವ.

ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರು. ಈಗ ನಡೆಯುತ್ತಿರುವ ಸುತ್ತು 1987ರ ಯುಗಾದಿಯಿಂದ ಆರಂಭವಾದದ್ದು. ಅದರ ಹಿಂದಿನದು 1927ರಿಂದ, ಅದಕ್ಕೂ ಹಿಂದಿನದು 1867ರಿಂದ. ಮೂಲದಲ್ಲಿ ಇದು ಆಕಾಶ ನೋಡಿ ಕಟ್ಟಿದ ಚಕ್ರ. ಗುರುಗ್ರಹ ಸೂರ್ಯನ ಸುತ್ತ ಬರಲು ಸುಮಾರು 11.86 ವರ್ಷ, ಶನಿಗೆ 29.46 ವರ್ಷ. ಗುರುವಿನ ಐದು ಸುತ್ತು 59.3 ವರ್ಷ, ಶನಿಯ ಎರಡು ಸುತ್ತು 58.9 ವರ್ಷ. ಎರಡೂ ಅರವತ್ತಕ್ಕೆ ಹತ್ತಿರ, ಆದರೆ ಎರಡೂ ಅರವತ್ತಲ್ಲ. ಗುರು ಒಂದು ರಾಶಿ ದಾಟಲು ಬೇಕಾಗುವುದು 361 ದಿನ, ಸೌರವರ್ಷಕ್ಕಿಂತ ನಾಲ್ಕು ದಿನ ಕಡಿಮೆ. ಹಾಗಾಗಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಸಂವತ್ಸರದ ಹೆಸರನ್ನು ಬಿಟ್ಟು ಮುಂದೆ ಹೋದರೆ ಮಾತ್ರ ಹೆಸರಿಗೂ ಗುರುವಿಗೂ ನಂಟು ಉಳಿಯುತ್ತದೆ. ಉತ್ತರ ಭಾರತದವರು ಇಂದಿಗೂ ಹಾಗೆ ಬಿಡುತ್ತಾರೆ. ದಕ್ಷಿಣದ ನಾವು 10ನೇ ಶತಮಾನದ ಆರಂಭದ ಆಸುಪಾಸಿನಿಂದ ಬಿಡುವುದನ್ನೇ ನಿಲ್ಲಿಸಿದೆವು. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ಸಂವತ್ಸರಕ್ಕೂ ಗುರುಗ್ರಹಕ್ಕೂ ಸಂಬಂಧವಿಲ್ಲ. 2023ರ ಯುಗಾದಿಯಂದು ಕರ್ನಾಟಕದಲ್ಲಿ ಶೋಭಕೃತ್ ಹುಟ್ಟಿದಾಗ ಉತ್ತರದಲ್ಲಿ ನಳ ಸಂವತ್ಸರ ಹುಟ್ಟಿತು. ಒಂದೇ ದೇಶ, ಒಂದೇ ಆಕಾಶ, ಹದಿಮೂರು ಹೆಸರುಗಳ ಅಂತರ. ಸಂವತ್ಸರಕ್ಕೆ ಮಳೆಯನ್ನು ಆಳುವ ಶಕ್ತಿ ಇರುವುದಾದರೆ ಮುಂಗಾರು ಮಾರುತ ಇವೆರಡರಲ್ಲಿ ಯಾವ ಪಂಚಾಂಗದ ಮಾತು ಕೇಳಬೇಕು?

ಹಾಗೆಂದು ಚಕ್ರ ನಿಷ್ಪ್ರಯೋಜಕವೇನಲ್ಲ. ಬೇಲೂರು, ಹಳೇಬೀಡು, ಸಕಲೇಶಪುರದ ಸುತ್ತಿನ ಹೊಯ್ಸಳ ಶಾಸನಗಳು ಶಕವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರಗಳನ್ನೂ ಹೇಳುತ್ತವೆ. ಕಲ್ಲು ಸವೆದು ಶಕದ ಅಂಕಿ ಅಳಿಸಿಹೋದಲ್ಲಿ ಸಂವತ್ಸರದ ಹೆಸರು ಕಾಲವನ್ನು ಹಿಡಿದುಕೊಡುತ್ತದೆ. ಎರಡೂ ತಾಳೆಯಾಗದಿದ್ದರೆ ಶಾಸನವನ್ನೇ ಅನುಮಾನದಿಂದ ನೋಡಬೇಕೆಂದು ವಿದ್ವಾಂಸರಿಗೆ ತಿಳಿಯುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನಮಾಲೆಯ ಹಾಸನ ಸಂಪುಟವನ್ನು ಓದುವವರು ಈ ಉಪಕಾರವನ್ನು ಪುಟಪುಟದಲ್ಲೂ ಕಾಣುತ್ತಾರೆ. ನೆನಪನ್ನು ಗುರುತು ಹಾಕಿ ಇಡುವುದಕ್ಕೆ ಅರವತ್ತರ ಚಕ್ರ ಒಳ್ಳೆಯ ಸಾಧನ. ಮುಂದಾಗುವುದನ್ನು ಹೇಳಲು ಅದೇ ಸಾಧನವನ್ನು ಬಳಸಿದಾಗ ತೊಂದರೆ ಶುರುವಾಗುತ್ತದೆ.

ಕನ್ನಡನಾಡಿನ ನೆನಪಿನಲ್ಲಿ ಸಂವತ್ಸರದ ಹೆಸರಿನಿಂದಲೇ ಉಳಿದ ದೊಡ್ಡ ಘಟನೆ ಧಾತು-ಈಶ್ವರ ಬರ. 1876 ಧಾತು, 1877 ಈಶ್ವರ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಮನೆಮನೆಗಳು ಖಾಲಿಯಾದ ಅಂಥ ಬರಕ್ಕೆ ಸಂವತ್ಸರದ ಹೆಸರೇ ಅಂಟಿಕೊಂಡಿತು. ತಮಿಳರೂ ಅದನ್ನು ಧಾತು ವರ್ಷದ ಬರವೆಂದೇ ಕರೆಯುತ್ತಾರೆ. ಆಮೇಲೆ ಧಾತು-ಈಶ್ವರ ಎರಡು ಸಲ ಮರಳಿ ಬಂದಿವೆ: 1936-37ರಲ್ಲಿ ಒಮ್ಮೆ, 1996-97ರಲ್ಲಿ ಇನ್ನೊಮ್ಮೆ. ಎರಡು ಸಲವೂ ಅಂಥ ಬರ ಬರಲಿಲ್ಲ. 1997ರದ್ದಂತೂ ವಿಶೇಷ. ಆ ವರ್ಷ ಶಾಂತ ಸಾಗರದ ನೀರು ಬಿಸಿಯಾಗಿ ಮುಂಗಾರನ್ನು ಕುಗ್ಗಿಸಬಲ್ಲ ಎಲ್ ನಿನೊ 1877ರಷ್ಟೇ ಪ್ರಬಲವಾಗಿತ್ತು, ವಿಜ್ಞಾನಿಗಳೂ ಆತಂಕದಲ್ಲಿದ್ದರು. ಸಂವತ್ಸರವೂ ಅದೇ, ಸಮುದ್ರವೂ ಹಾಗೆಯೇ. ದೇಶದ ಮುಂಗಾರು ಮಾತ್ರ ಸರಾಸರಿಗೆ ಸರಿಯಾಗಿ ಬಂತು.

ಚಕ್ರ ಹುಡುಕುವ ಹಂಬಲ ಪಂಚಾಂಗದವರಿಗೆ ಮಾತ್ರ ಸೇರಿದ್ದೆಂದು ತಿಳಿದರೆ ತಪ್ಪಾಗುತ್ತದೆ. ಅದೇ ಧಾತು-ಈಶ್ವರ ಬರದಲ್ಲಿ ಮದ್ರಾಸಿನ ಬೀದಿಗಳಲ್ಲಿ ಜನ ಸಾಯುತ್ತಿರುವಾಗ, 1877ರ ನವೆಂಬರಿನಲ್ಲಿ, ಖಗೋಳ ವಿಜ್ಞಾನಿ ನಾರ್ಮನ್ ಲಾಕ್ಯರ್ ಮತ್ತು ಅಧಿಕಾರಿ-ಇತಿಹಾಸಕಾರ ವಿಲಿಯಂ ಹಂಟರ್ ಲಂಡನ್ನಿನ ಪತ್ರಿಕೆಯೊಂದರಲ್ಲಿ ಸೂರ್ಯಕಲೆಗಳಿಗೂ ಕ್ಷಾಮಕ್ಕೂ ನಂಟು ಹಾಕಿದ ಲೇಖನ ಬರೆದರು. ಸೂರ್ಯನ ಮೇಲಿನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಕಲೆ ಕಡಿಮೆಯಾದಾಗ ದಕ್ಷಿಣ ಭಾರತದಲ್ಲಿ ಮಳೆ ಸೊರಗುತ್ತದೆ ಎಂಬುದು ಅವರ ವಾದ. ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಇನ್ನೂ ಮುಂದೆ ಹೋದರು. ಸೂರ್ಯಕಲೆಯಿಂದ ಭಾರತದ ಬೆಳೆ, ಬೆಳೆಯಿಂದ ಭಾರತದವರ ಕೊಳ್ಳುವ ಶಕ್ತಿ, ಅದರಿಂದ ಇಂಗ್ಲೆಂಡಿನ ವ್ಯಾಪಾರದ ಕುಸಿತ ಎಂಬ ಸರಪಳಿ ಕಟ್ಟಿದರು. ಸೂರ್ಯಕಲೆಯ ಚಕ್ರ 11.1 ವರ್ಷ ಎಂದಿದ್ದಾಗ ಅವರ ಲೆಕ್ಕ ಚೆನ್ನಾಗಿ ಕೂರುತ್ತಿರಲಿಲ್ಲ. ಬೇರೊಬ್ಬರು ಅದು 10.45 ವರ್ಷ ಎಂದು ಹೇಳಿದಾಗ, ತಮ್ಮ ವ್ಯಾಪಾರ ಚಕ್ರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಪ್ಪುತ್ತದೆಂದು ಹಿಗ್ಗಿದರು. ಇಂದು ನಮಗೆ ತಿಳಿದಿರುವ ಸರಾಸರಿ ಮತ್ತೆ ಹನ್ನೊಂದರ ಹತ್ತಿರವೇ ಇದೆ. ಆಮೇಲೆ 1924ರಲ್ಲಿ ರಷ್ಯದ ಅಲೆಕ್ಸಾಂಡರ್ ಚಿಜೆವ್ಸ್ಕಿ ಯುದ್ಧ, ಕ್ರಾಂತಿ, ದಂಗೆಗಳನ್ನೆಲ್ಲ ಇದೇ ಸೂರ್ಯಕಲೆಗಳಿಗೆ ಜೋಡಿಸಿ ಮನುಷ್ಯರ ಇತಿಹಾಸಕ್ಕೇ ಒಂದು ಸೌರಚಕ್ರ ಬರೆದರು.

ಸೂರ್ಯಕಲೆಯ ಆಸೆ ನಮ್ಮ ನಾಡಿಗೆ ಒಂದು ಒಳ್ಳೆಯದನ್ನೂ ಬಿಟ್ಟುಹೋಯಿತು. ಕ್ಷಾಮದ ಅನಂತರ ಸೂರ್ಯನನ್ನು ಕ್ರಮವಾಗಿ ಗಮನಿಸಬೇಕೆಂಬ ಒತ್ತಾಯ ಬೆಳೆದು, 1899ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯ ಆರಂಭವಾಯಿತು. ಇಂದು ಅದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಭಾಗ. 1904ರಿಂದ ಸೂರ್ಯನ ಚಿತ್ರಗಳ ದೊಡ್ಡ ಸಂಗ್ರಹ ಅಲ್ಲಿದೆ. ಮಳೆಯ ಬೀಗದ ಕೈ ಅಲ್ಲಿ ಸಿಗಲಿಲ್ಲ, ಸೂರ್ಯನ ಬಗ್ಗೆ ತಿಳಿವಳಿಕೆ ಸಿಕ್ಕಿತು.

ಅದೇ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಗಿಲ್ಬರ್ಟ್ ವಾಕರ್ ಬಂದರು. ಗಣಿತದವರು. ಮುಂಗಾರಿನ ಮುನ್ಸೂಚನೆಗಾಗಿ ಅವರು ಪ್ರಪಂಚದ ಊರೂರುಗಳ ಗಾಳಿಯ ಒತ್ತಡ, ಉಷ್ಣಾಂಶ, ಮಳೆ, ಸೂರ್ಯಕಲೆಗಳ ಅಂಕಿಗಳನ್ನು ಒಂದಕ್ಕೊಂದು ತಾಳೆ ನೋಡಿಸಿದರು. ಕಂಪ್ಯೂಟರ್ ಇಲ್ಲದ ಕಾಲ, ಗುಮಾಸ್ತರ ಪಡೆ ಕೈಯಲ್ಲೇ ಲೆಕ್ಕ ಮಾಡಿತು. ಸೂರ್ಯಕಲೆಗೂ ಮುಂಗಾರಿಗೂ ನಂಬಿಕೆ ಇಡುವಂಥ ಸಂಬಂಧ ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ: ಹಿಂದೂ ಮಹಾಸಾಗರ ಮತ್ತು ಶಾಂತ ಸಾಗರಗಳ ನಡುವೆ ಗಾಳಿಯ ಒತ್ತಡ ತೂಗುಯ್ಯಾಲೆಯಂತೆ ಏರಿಳಿಯುವ ದಕ್ಷಿಣದ ಆಂದೋಲನ. ಎಲ್ ನಿನೊ ಬಗ್ಗೆ ನಮಗಿರುವ ತಿಳಿವಿನ ಒಂದು ಕಾಲು ಅಲ್ಲೇ ನಿಂತಿದೆ. ಆದರೆ ನನಗೆ ವಾಕರ್ ದೊಡ್ಡವರಾಗಿ ಕಾಣುವುದು 1914ರ ಒಂದು ಬರಹಕ್ಕಾಗಿ. ನೂರಾರು ಸಂಬಂಧಗಳನ್ನು ಹುಡುಕಿ ಅವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಎತ್ತಿ ತೋರಿಸಿದರೆ, ಅದು ಬರೀ ಆಕಸ್ಮಿಕವಾಗಿಯೂ ಅಷ್ಟು ಚೆನ್ನಾಗಿ ಕಾಣಬಹುದು ಎಂದು ಅವರು ಗಣಿತದಿಂದ ತೋರಿಸಿದರು. ಎಷ್ಟು ಹುಡುಕಿದ ಮೇಲೆ ಇದು ಸಿಕ್ಕಿತು ಎಂಬುದನ್ನೂ ಹೇಳಬೇಕು. ಆ ಸಂಖ್ಯೆಯನ್ನು ಮುಚ್ಚಿಟ್ಟ ಯಾವ ಚಕ್ರವನ್ನೂ ನಾನು ನಂಬಲಾರೆ.

ಇದೇ ಅಳತೆಗೋಲನ್ನು ನಮ್ಮ ಅರವತ್ತಕ್ಕೆ ಹಿಡಿಯೋಣ. ದೇಶದ ಮುಂಗಾರಿನ ಒಟ್ಟು ಲೆಕ್ಕ 1871ರಿಂದ ಇದೆ. ಸರಾಸರಿಗಿಂತ ಶೇ 10ಕ್ಕೂ ಹೆಚ್ಚು ಕೊರತೆಯಾದ ವರ್ಷಗಳನ್ನು ಬರ ಎಂದು ಎಣಿಸಿದರೆ ಸುಮಾರು ಆರು ವರ್ಷಕ್ಕೊಂದು ಬೀಳುತ್ತದೆ. 1905 ಬರ, 1965 ಬರ. ಎರಡೂ ವಿಶ್ವಾವಸು ಸಂವತ್ಸರ. ಇಷ್ಟನ್ನೇ ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ. ಮೂರನೆಯ ವಿಶ್ವಾವಸು ಬಂದದ್ದು 2025ರಲ್ಲಿ. ಆ ವರ್ಷ ದೇಶದ ಮುಂಗಾರು ಸರಾಸರಿಯ ಶೇ 108ರಷ್ಟಾಯಿತು. ಉಳಿದವನ್ನೂ ನೋಡಿ. 1899ರ ವಿಕಾರಿಯಲ್ಲಿ ಭೀಕರ ಬರ; 1959 ಮತ್ತು 2019ರ ವಿಕಾರಿಗಳಲ್ಲಿ ಭರ್ತಿ ಮಳೆ. 1901ರ ಪ್ಲವದಲ್ಲಿ ಕೊರತೆ. 1961ರ ಪ್ಲವ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯಾದ ವರ್ಷಗಳಲ್ಲೊಂದು. 1918ರ ಕಾಲಯುಕ್ತಿಯಲ್ಲಿ ಬರವೂ ಇನ್‌ಫ್ಲುಯೆಂಜಾವೂ ಸೇರಿ ಜನರನ್ನು ಕೊಂದವು; 1978ರ ಕಾಲಯುಕ್ತಿಯಲ್ಲಿ ಮಳೆ ಧಾರಾಳ. 1871ರಿಂದ 1965ರವರೆಗಿನ ಸುಮಾರು ಹನ್ನೆರಡು ಬರಗಳನ್ನು ತೆಗೆದುಕೊಂಡು ಪ್ರತಿಯೊಂದಕ್ಕೂ ಅರವತ್ತು ಕೂಡಿಸಿ ನೋಡಿದರೆ, ಮತ್ತೆ ಬರ ಸಿಗುವುದು ಒಂದೇ ಕಡೆ, ಅದೇ 1905-1965ರ ಜೋಡಿ. ಚಕ್ರವೇ ಇಲ್ಲದೆ, ಬರಿಯ ಆಕಸ್ಮಿಕಕ್ಕೆ ಬಿಟ್ಟಿದ್ದರೂ ಹನ್ನೆರಡರಲ್ಲಿ ಎರಡು ಹೊಂದಬೇಕಿತ್ತು.

ಇದು ದೇಶದ ಸರಾಸರಿ, ವನಗೂರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. 2018 ಅದಕ್ಕೆ ಸಾಕ್ಷಿ. ಆ ವರ್ಷ ದೇಶದ ಮುಂಗಾರು ಶೇ 91 ಮಾತ್ರ, ಉತ್ತರ ಕರ್ನಾಟಕದ ತಾಲ್ಲೂಕುಗಳು ಬರಪಟ್ಟಿ ಸೇರಿದವು. ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು, ಸಕಲೇಶಪುರ-ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ಮಣ್ಣು ಬಿತ್ತು, ಶಿರಾಡಿ ಘಾಟಿ ಮುಚ್ಚಿತು. ಹಾಸನ ಒಂದೇ ಜಿಲ್ಲೆಯೊಳಗೆ ಅರಸೀಕೆರೆಯ ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು, ಬಿಸಿಲೆ ಕಡೆ ಅದರ ಹಲವು ಪಟ್ಟು. ಆದರೆ ಈ ನ್ಯಾಯವಾದ ಪ್ರಶ್ನೆ ಪಂಚಾಂಗದ ಕಡೆಗೇ ಇನ್ನೂ ಗಟ್ಟಿಯಾಗಿ ತಿರುಗುತ್ತದೆ. ಯುಗಾದಿಯ ಪಂಚಾಂಗ ಶ್ರವಣದಲ್ಲಿ ಓದುವ ಮಳೆಫಲ ಅರಸೀಕೆರೆಗೋ ಬಿಸಿಲೆಗೋ? ಆಯಾ ವರ್ಷದ ರಾಜ ಯಾವ ಗ್ರಹವೆಂದು ತೀರ್ಮಾನಿಸುವುದು ಯುಗಾದಿ ಬಿದ್ದ ವಾರ. ಮೋಡಗಳ ಒಡೆಯನಾದ ಮೇಘಾಧಿಪತಿಯನ್ನು ತೀರ್ಮಾನಿಸುವುದು ಸೂರ್ಯ ಆರಿದ್ರೆಗೆ ಬರುವ ವಾರ. 2024ರ ಯುಗಾದಿ ಮಂಗಳವಾರ, ರಾಜ ಕುಜ. 2025ರದ್ದು ಭಾನುವಾರ, ರಾಜ ರವಿ. ವಾರಗಳನ್ನು ಎಣಿಸುವುದು ಮನುಷ್ಯರ ಏರ್ಪಾಡು. ಅರಬ್ಬೀ ಸಮುದ್ರದ ಮೋಡಕ್ಕೆ ಮಂಗಳವಾರ ಯಾವುದೆಂದು ತಿಳಿಯುವ ದಾರಿಯೇ ಇಲ್ಲ.

ಮಳೆನಕ್ಷತ್ರಗಳ ಮಾತು ಬೇರೆ, ಅವುಗಳ ಬಗ್ಗೆ ನನಗೆ ಆದರವಿದೆ. ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರೂವರೆ ದಿನ ಇರುತ್ತಾನೆ; ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಸುಮಾರಿಗೆ ಆರಿದ್ರೆ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ. ಋತುವನ್ನು ಬೇಸಾಯಕ್ಕೆ ಬೇಕಾದಷ್ಟು ಸಣ್ಣ ತುಂಡುಗಳಾಗಿ ಕತ್ತರಿಸಿಕೊಡುವ ಈ ಕ್ರಮಕ್ಕೆ ಸಮನಾದದ್ದು ಇಂಗ್ಲಿಷ್ ತಿಂಗಳುಗಳಲ್ಲಿಲ್ಲ. ಆದರೆ ಇದು ನಕ್ಷತ್ರಗಳನ್ನು ಹಿಡಿದ ಲೆಕ್ಕ, ಋತುಗಳು ನಡೆಯುವುದು ಅಯನದ ಲೆಕ್ಕದಲ್ಲಿ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಎರಡೂ ದೂರವಾಗುತ್ತಿವೆ. ಉತ್ತರಾಯಣ ಡಿಸೆಂಬರ್ 22ರ ಸುಮಾರಿಗೆ ಶುರುವಾದರೂ ಸಂಕ್ರಾಂತಿಯನ್ನು ನಾವು ಜನವರಿ 14-15ರಂದು ಆಚರಿಸುವುದು ಇದರಿಂದಲೇ. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ದೇವಾಲಯ ಪ್ರತಿಷ್ಠಾಪಿಸಿದ ಕಾಲದಿಂದ ಇಂದಿಗೆ ಸರಿದಿರುವುದು ಸುಮಾರು ಹದಿಮೂರು ದಿನ, ಎಂದರೆ ಬಹುತೇಕ ಒಂದು ಇಡೀ ಮಳೆನಕ್ಷತ್ರ. ಹೊಯ್ಸಳರ ಕಾಲದ ರೈತ ಆರಿದ್ರೆ ಎಂದು ಕರೆದ ಹದವನ್ನು ಇಂದಿನ ರೈತ ಮೃಗಶಿರಾದಲ್ಲಿ ಕಾಣುತ್ತಾನೆ. ಅಷ್ಟು ಹಳೆಯ ಗಾದೆ ಯಾವುದಾದರೂ ಇದ್ದು ಇಂದಿಗೂ ಸರಿಯಾಗಿ ಹೊಂದುತ್ತಿದ್ದರೆ, ನಡುವಿನ ತಲೆಮಾರುಗಳು ಅದನ್ನು ಕಣ್ಣಾರೆ ನೋಡಿ ತಿದ್ದಿಕೊಂಡಿವೆ ಎಂದೇ ಅರ್ಥ. ನಕ್ಷತ್ರಕ್ಕಿಂತ ಆ ನೋಟಕ್ಕೆ ಹೆಚ್ಚು ಬೆಲೆ ಕೊಡಬೇಕು.

ಆದ ಮೇಲೆ ಹೊಂದಿಸುವ ಅಭ್ಯಾಸಕ್ಕೆ 1962ಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆ ಫೆಬ್ರುವರಿ 3ರಿಂದ 5ರವರೆಗೆ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟ, ಜೊತೆಗೆ ಸೂರ್ಯಗ್ರಹಣ. ದೇಶದಾದ್ಯಂತ ಪ್ರಳಯದ ಭಯ, ಹೋಮ, ಶಾಂತಿ. ಆ ಮೂರು ದಿನ ಏನೂ ಆಗಲಿಲ್ಲ. ಅಕ್ಟೋಬರಿನಲ್ಲಿ ಚೀನಾ ಯುದ್ಧ ಬಂದಾಗ, ಅಷ್ಟಗ್ರಹದ ಫಲ ಇದೇ ಎಂಬ ಮಾತು ಹುಟ್ಟಿತು. ಏಳೆಂಟು ತಿಂಗಳ ಸಡಿಲ ಕೊಟ್ಟರೆ ಯಾವ ಭವಿಷ್ಯ ಸುಳ್ಳಾದೀತು? ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ವಿಚಾರಿಸಲು ಸಮಿತಿ ಕಟ್ಟಿದಾಗ ಕೇಳಿದ್ದು ಇಷ್ಟೇ: ಮೊದಲೇ ಷರತ್ತು ಹಾಕಿ, ಎಲ್ಲರೆದುರು ತೋರಿಸಿ.

ಇನ್ನೊಂದು ಬಲೆ ನಮ್ಮ ಎಸ್ಟೇಟುಗಳಲ್ಲೇ ಇದೆ. ಮಲೆನಾಡಿನ ಅನೇಕ ತೋಟಗಳಲ್ಲಿ ತಲೆಮಾರುಗಳಿಂದ ಮಳೆಮಾಪಕ ಇಟ್ಟು ದಿನವೂ ಇಂಚು-ಸೆಂಟಿನಲ್ಲಿ ಬರೆದ ಪುಸ್ತಕಗಳಿವೆ. ಅವು ಅಮೂಲ್ಯ. ಆದರೆ ಆ ಅಂಕಿಗಳಿಗೆ ಐದು ವರ್ಷದ, ಹತ್ತು ವರ್ಷದ ಸರಾಸರಿ ತೆಗೆದು ಗೆರೆ ಎಳೆದೊಡನೆ ಸುಂದರವಾದ ಅಲೆಗಳು ಏಳುತ್ತವೆ. 1927ರಲ್ಲಿ ಮಾಸ್ಕೋದ ಸಂಖ್ಯಾಶಾಸ್ತ್ರಜ್ಞ ಯೆವ್ಗೆನಿ ಸ್ಲುಟ್ಸ್ಕಿ ಸರ್ಕಾರಿ ಲಾಟರಿಯ ಅಂಕಿಗಳಿಗೆ ಹೀಗೆಯೇ ಸರಾಸರಿ ತೆಗೆದು, ಸಿಕ್ಕ ಗೆರೆಯನ್ನು 19ನೇ ಶತಮಾನದ ಇಂಗ್ಲೆಂಡಿನ ವ್ಯಾಪಾರದ ಏರಿಳಿತದ ಗೆರೆಯ ಪಕ್ಕದಲ್ಲಿಟ್ಟರು. ಎರಡೂ ಅಚ್ಚರಿ ಪಡುವಷ್ಟು ಒಂದನ್ನೊಂದು ಹೋಲುತ್ತಿದ್ದವು. ಲಾಟರಿಗೆ ಯಾವ ಚಕ್ರವೂ ಇರಲಿಲ್ಲ. ಅಲೆಯನ್ನು ಹುಟ್ಟಿಸಿದ್ದು ಸರಾಸರಿ.

ಮುಂಗಾರಿನಲ್ಲಿ ನಿಜವಾದ ನಿಧಾನದ ಏರಿಳಿತವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕಳೆದ ಶತಮಾನದ ಮೊದಲ ಮೂವತ್ತು ವರ್ಷ ಬರಗಳು ಹೆಚ್ಚು, ನಂತರದ ಮೂವತ್ತು ವರ್ಷ ಕಡಿಮೆ, ಆಮೇಲೆ ಮತ್ತೆ ಹೆಚ್ಚು. ಅಟ್ಲಾಂಟಿಕ್ ಸಾಗರದ ಬಿಸಿ 60-80 ವರ್ಷಗಳ ಅವಧಿಯಲ್ಲಿ ಏರಿಳಿಯುವುದಕ್ಕೂ ಇದಕ್ಕೂ ನಂಟಿದೆಯೇ ಎಂದು ವಿಜ್ಞಾನಿಗಳು ಗಂಭೀರವಾಗಿ ಚರ್ಚಿಸುತ್ತಾರೆ. ಅರವತ್ತು ಎಂಬ ಸಂಖ್ಯೆ ಕಂಡ ಕೂಡಲೇ ನಮ್ಮ ಹಿರಿಯರಿಗೆ ಗೊತ್ತಿತ್ತು ಎಂದು ಕುಣಿಯುವ ಮುನ್ನ ಒಂದು ವಿಷಯ ಗಮನಿಸಬೇಕು: ನಮ್ಮ ಅಳತೆಯ ದಾಖಲೆ ಒಂದೂವರೆ ಶತಮಾನದ್ದು, ಅದರಲ್ಲಿ ಅಂಥ ಅಲೆ ಎರಡೂವರೆ ಮಾತ್ರ. ಎರಡೂವರೆ ಸುತ್ತಿನಿಂದ ಚಕ್ರ ಎಂದು ತೀರ್ಪು ಕೊಡಲು ಆ ವಿಜ್ಞಾನಿಗಳೇ ಹಿಂಜರಿಯುತ್ತಾರೆ. ಅದೂ ಅಲ್ಲದೆ ಅದು ದಶಕಗಳ ಒಲವನ್ನು ಹೇಳುವ ಮಾತು. ಇಂಥ ಸಂವತ್ಸರದಲ್ಲಿ ಇಂಥದ್ದೇ ಆಗುತ್ತದೆ ಎಂದು ಹೇಳುವುದಿಲ್ಲ.

ಇಷ್ಟು ಗಟ್ಟಿಯಾಗಿ ವಾದಿಸುವುದು ಯಾಕೆಂದರೆ, ಚಕ್ರದ ನಂಬಿಕೆ ಹೊಣೆಗಾರರನ್ನು ಪಾರುಮಾಡುತ್ತದೆ. 1877ರಲ್ಲಿ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಆ ವರ್ಷದ ಜನವರಿ 1ರಂದು ವೈಸ್‌ರಾಯ್ ಲಿಟ್ಟನ್ ದೆಹಲಿಯಲ್ಲಿ ಭಾರೀ ದರ್ಬಾರು ನಡೆಸಿದರು. ಬರದ ನಡುವೆಯೂ ಭಾರತದ ಗೋಧಿ ಹಡಗು ಹತ್ತುತ್ತಲೇ ಇತ್ತು. ನೆರೆಯ ಮದ್ರಾಸ್ ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಲಾಯಿತು. ಸೂರ್ಯನ ಕಲೆ ಕಾರಣವೆಂದರೂ, ಈಶ್ವರ ಸಂವತ್ಸರದ ಫಲವೆಂದರೂ ಈ ತೀರ್ಮಾನಗಳನ್ನು ಮಾಡಿದವರ ಹೆಸರು ಮರೆಯಾಗುತ್ತದೆ. ಮಳೆ ತಪ್ಪಿದ್ದು ಪ್ರಕೃತಿ, ಇಷ್ಟು ಜನ ಸತ್ತದ್ದು ಆಡಳಿತ.

ಇಂದು ನಮ್ಮ ಘಾಟಿಗಳಲ್ಲಿ ನಡೆಯುತ್ತಿರುವುದೂ ಅದೇ. 2018ರ ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ, ಮನುಷ್ಯರು ಇಳಿಜಾರನ್ನು ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಸೇರಿಸಿತು. 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಲು ಬಳಿ ಹೆದ್ದಾರಿಗೆ ಗುಡ್ಡ ಬಿತ್ತು, ಎಡಕುಮರಿ-ಕಡಗರವಳ್ಳಿ ನಡುವೆ ರೈಲುಮಾರ್ಗದ ಅಡಿಯ ಮಣ್ಣೇ ಜಾರಿತು. ರಸ್ತೆಗಾಗಿ ಗುಡ್ಡವನ್ನು ನೆಟ್ಟಗೆ ಕತ್ತರಿಸಿದವರು ಯಾರು, ನೀರು ಹರಿಯುವ ದಾರಿಗೆ ಅಡ್ಡ ಮಣ್ಣು ಸುರಿದವರು ಯಾರು ಎಂದು ಕೇಳಬೇಕಾದ ಹೊತ್ತಿನಲ್ಲಿ, ಅರವತ್ತು ವರ್ಷಕ್ಕೊಮ್ಮೆ ಇದು ಇದ್ದದ್ದೇ ಎಂದು ತೋಟದವರೇ ಸಮಾಧಾನ ಹೇಳಿಕೊಳ್ಳುವುದು ನನಗೆ ಸಂಕಟ ತರುತ್ತದೆ. ಕಳೆದುಕೊಂಡವರೂ ಅವರೇ.

ಪರೀಕ್ಷೆಗೆ ಈಗಲೂ ಅವಕಾಶವಿದೆ. 1968ರ ಕೀಲಕ, 1972ರ ಪರಿಧಾವಿ, 1974ರ ಆನಂದ ಮೂರೂ ದೇಶಕ್ಕೆ ಬರದ ವರ್ಷಗಳು. ಅವು ಮರಳುವುದು 2028, 2032, 2034ರಲ್ಲಿ. ಅರವತ್ತರ ಚಕ್ರವನ್ನು ನಂಬುವವರು ಈ ಮೂರನ್ನೂ ಈಗಲೇ ಬರೆದಿಡಲಿ, ಬರ ಎಂದರೆ ಎಷ್ಟು ಕೊರತೆ ಎಂಬುದನ್ನೂ ಬರೆಯಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ವನಗೂರಿನ ಲೆಕ್ಕವನ್ನು ವನಗೂರಿನ ಪುಸ್ತಕಗಳ ಜೊತೆಗೇ ತಾಳೆ ನೋಡಬಹುದು. ಆಕಸ್ಮಿಕವಾಗಿ ಮೂರೂ ವರ್ಷ ಬರ ಬೀಳುವ ಸಾಧ್ಯತೆ ಸುಮಾರು 216ರಲ್ಲಿ ಒಂದು. ಮೂರೂ ಬಿದ್ದರೆ ಇಲ್ಲಿ ಬರೆದದ್ದನ್ನು ಮೊದಲಿನಿಂದ ಯೋಚಿಸಬೇಕಾಗುತ್ತದೆ, ಯೋಚಿಸಲು ನಾನು ಸಿದ್ಧ. ಒಂದು ಮಾತ್ರ ಬಿದ್ದು ಎರಡು ತಪ್ಪಿದರೆ, ಆ ಎರಡನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದಿಡಬೇಕು.